ಹಣ್ಣಿನ ವಾಸನೆ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ಸಿಕ್ಕಾಗ ಮೇಷ್ಟ್ರು, ಬೆನ್ನು ತಿರುಗಿಸಿದ ಮೇಲೆ ಮೂಗು ಮೇಷ್ಟ್ರು. ಹಾಗಂತ ಅವರ ಮೂಗು ಉದ್ದವೂ ಅಲ್ಲ, ಡೊಂಕೂ ಅಲ್ಲ. ನಿಮ್ಮ ನಮ್ಮ ಮೂಗಿನ ಹಾಗೇ ಇತ್ತು. ಅದು ಮಾಡುತ್ತಿದ್ದ ಕಾರುಬಾರು ಮಾತ್ರ ದೊಡ್ಡದು. ಹಗಲು ಹೊತ್ತು ಅವರು ಗ್ಯಾಸ್ ಸಿಲಿಂಡರಿನ ಗೋದಾಮಿನಲ್ಲಿ ಸೋರಿಕೆ ಪತ್ತೆ ಮಾಡುವ ಕೆಲಸದಲ್ಲಿದ್ದರು. ಲಾರಿಯಿಂದ ಇಳಿದ ಸಿಲಿಂಡರುಗಳ ಸಾಲಿನ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತ, ಒಂದು ಕಡೆ ಗಕ್ಕನೆ ನಿಂತು, "ಇಲ್ಲೆಲ್ಲೋ ಸೋರ್ತಿದೆ" ಅನ್ನುತ್ತಿದ್ದರು. ಸೋಪಿನ ನೀರು ಹಚ್ಚಿ ನೋಡಿದರೆ ಅಲ್ಲೇ ಗುಳ್ಳೆ ಏಳುತ್ತಿತ್ತು. ಹೀಗೆ ವರ್ಷಾನುಗಟ್ಟಲೆ ಸರಿಯಾಗಿ ಹೇಳುತ್ತ ಬಂದ ಮನುಷ್ಯನಿಗೆ ತನ್ನ ಮೂಗೂ ತಪ್ಪಬಹುದು ಎಂಬ ಯೋಚನೆ ಎಲ್ಲಿಂದ ಬರಬೇಕು?

ಆ ಮಾತು ಗೋದಾಮಿನಿಂದ ಮನೆಗೂ ಬಂದಿತ್ತು. ಡಬ್ಬದಲ್ಲಿ ಸಕ್ಕರೆ ತಳ ಕಂಡರೆ "ಎಲ್ಲೋ ಸೋರ್ತಿದೆ". ಪಕ್ಕದ ಮನೆಯವನು ಸುಮ್ಮಸುಮ್ಮನೆ ನಗುನಗುತ್ತ ಮಾತಾಡಿಸಿದರೂ "ಎಲ್ಲೋ ಸೋರ್ತಿದೆ". ಅವರ ಹೆಂಡತಿ ಬೇಕರಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಆಕೆ ಸಂಜೆ ಸ್ವಲ್ಪ ತಡವಾಗಿ ಬಂದರೆ ಮೇಷ್ಟ್ರು ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಗಡಿಯಾರದ ಕಡೆ ಒಮ್ಮೆ, ಆಕೆಯ ಚಪ್ಪಲಿಯ ಕಡೆ ಒಮ್ಮೆ ನೋಡುತ್ತಿದ್ದರು. "ಬಸ್ಸು ಕೆಟ್ಟು ನಿಂತಿತ್ತು ರೀ. ಬೇಕಾದ್ರೆ ಡ್ರೈವರ್‌ನ ಕರ್ಕೊಂಡು ಬರ್ಲಾ, ಸಾಕ್ಷಿಗೆ?" ಅನ್ನುತ್ತಿದ್ದಳು ಆಕೆ. ಗಂಡನ ಗೊರಕೆಗೆ ಒಗ್ಗಿಕೊಂಡ ಹಾಗೇ ಆತನ ಅನುಮಾನಕ್ಕೂ ಒಗ್ಗಿಕೊಂಡಿದ್ದಳು.

ಬೆಳಗ್ಗೆ, ಸಂಜೆ ಮೇಷ್ಟ್ರು ಕುಸ್ತಿ ಕಲಿಸುತ್ತಿದ್ದರು. ಟೈರು ಅಂಗಡಿಯ ಮೇಲಿನ ಉದ್ದನೆಯ ಹಾಲ್. ನೆಲದ ತುಂಬ ನೀಲಿ ಮ್ಯಾಟು, ಅದರ ಹರಿದ ಅಂಚುಗಳಿಗೆಲ್ಲ ಅಂಟುಪಟ್ಟಿ. ಮೂಲೆಯಲ್ಲಿ ತೂಕದ ಯಂತ್ರ, ಗೋಡೆಗೆ ಒರಗಿಸಿಟ್ಟ ಹಳೆ ಕನ್ನಡಿ. ಕೆಳಗಿನಿಂದ ರಬ್ಬರಿನ ವಾಸನೆ, ಮೇಲೆ ಬೆವರಿನ ವಾಸನೆ. ಎರಡನ್ನೂ ದಾಟಿಕೊಂಡು ಹೋಗುವ ಮೂಗು ಅವರದು. ಮ್ಯಾಟು ಹತ್ತುವ ಮೊದಲು ಶಿಷ್ಯರೆಲ್ಲ ಸಾಲಾಗಿ ನಿಂತು ಬಾಯಿ ತೆರೆದು "ಹಾ" ಅನ್ನಬೇಕು. ಮೇಷ್ಟ್ರು ಒಬ್ಬೊಬ್ಬರ ಮುಖದ ಹತ್ತಿರ ಬಾಗಿ ಮೂಸುತ್ತಿದ್ದರು. "ಕರಿದಿದ್ದು ತಿಂದಿದೀಯ, ಇಳಿ ಕೆಳಗೆ." "ಏನೋ ಇದು, ಸಿಗರೇಟಾ? ನಿಮ್ಮಪ್ಪನ್ನ ಕರ್ಕೊಂಡು ಬಾ." ಇದಕ್ಕೆ ಶಿಷ್ಯರು 'ಹಾ ಪರೀಕ್ಷೆ' ಎಂದು ಹೆಸರಿಟ್ಟಿದ್ದರು. ಒಬ್ಬ ಚಾಲಾಕಿ ಲವಂಗ ಅಗಿದುಕೊಂಡು ಬಂದು ತಪ್ಪಿಸಿಕೊಳ್ಳಲು ನೋಡಿದ. "ಲವಂಗ ಯಾಕೆ ಬೇಕಾಯ್ತು ನಿಂಗೆ? ಏನು ಮುಚ್ಚಿಡ್ತಿದೀಯ?" ಎಂದು ಅವನನ್ನು ಅದಕ್ಕೇ ಹಿಡಿದರು.

ಇದಕ್ಕೊಂದು ಹಳೇ ಗಾಯ ಕಾರಣ. ಮೇಷ್ಟ್ರು ತಾವೇ ಕುಸ್ತಿ ಆಡುತ್ತಿದ್ದ ಕಾಲದಲ್ಲಿ ಅವರ ತಂಡದ ಜೀವದ ಗೆಳೆಯನೊಬ್ಬ ತೂಕ ನೋಡುವ ಹಿಂದಿನ ದಿನ ಹೊಟ್ಟೆ ಬಿರಿಯೆ ತಿಂದು, ತಿಂದೇ ಇಲ್ಲವೆಂದು ಇವರ ಕೈ ಹಿಡಿದು ಆಣೆ ಮಾಡಿದ್ದ. ಮರುದಿನ ಮುಳ್ಳು ಗೆರೆ ದಾಟಿತು, ಇಡೀ ತಂಡ ಪಂದ್ಯದಿಂದ ಹೊರಬಿತ್ತು. ಮೇಷ್ಟ್ರಿಗೆ ಅಂಥ ಅವಕಾಶ ಮತ್ತೆ ಬರಲೇ ಇಲ್ಲ. ಅಂದಿನಿಂದ ಅವರದು ಒಂದೇ ಮಾತು: "ಬಾಯಿ ಸುಳ್ಳು ಹೇಳುತ್ತೆ. ಉಸಿರು ಹೇಳಲ್ಲ."

ಇಂಥವರ ಮನೆಗೆ ಅವರ ಅಕ್ಕನ ಮಗಳು ಬಂದಳು. ಎಲ್ಲರೂ ಪುಟ್ಟಿ ಅನ್ನುತ್ತಿದ್ದರೂ ಪುಟ್ಟವಳೇನೂ ಅಲ್ಲ, ಅಗಲ ಹೆಗಲಿನ, ಬಾಗಿಲು ತುಂಬ ನಿಲ್ಲುವ ಹುಡುಗಿ. ಅಕ್ಕ ಬೇರೆ ಊರಿನಲ್ಲಿ, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಮಗಳನ್ನು ಬಿಟ್ಟು ಹೋಗುವಾಗ, "ಇವಳಿಗೆ ಕುಸ್ತಿ ಬಿಟ್ಟು ಬೇರೇನೂ ತಲೆಗೆ ಹತ್ತಲ್ಲಪ್ಪ. ನಿನ್ನ ಮಡಿಲಿಗೆ ಹಾಕಿದೀನಿ" ಎಂದಿದ್ದಳು. ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಪುಟ್ಟಿ ಮೊದಲ ಸಲ ಎದುರಾಳಿಯ ಕಾಲು ಹಿಡಿದೆತ್ತಿ ಮ್ಯಾಟಿಗೆ ಒಗೆದದ್ದನ್ನು ನೋಡಿದಾಗ ಅವರು ಕೂತಲ್ಲಿಂದ ಎದ್ದು ನಿಂತರು. ಆದರೆ ಬಾಯಿಂದ ಬಂದದ್ದು, "ಎಡಗಾಲು ಇನ್ನೊಂಚೂರು ಮುಂದೆ ಇರ್ಬೇಕಿತ್ತು" ಅಂತ ಅಷ್ಟೇ.

ಆಯ್ಕೆಯ ಪಂದ್ಯ ಹತ್ತಿರ ಬಂತು. ಪುಟ್ಟಿಯ ಸಹಜ ತೂಕದ ವಿಭಾಗದಲ್ಲಿ ಬೇರೊಂದು ತರಬೇತಿ ಕೇಂದ್ರದ ಬಲವಾದ ಹುಡುಗಿಯೊಬ್ಬಳಿದ್ದಳು. ಅದರ ಕೆಳಗಿನ ವಿಭಾಗದಲ್ಲಿ ಹೇಳಿಕೊಳ್ಳುವಂಥವರು ಯಾರೂ ಇರಲಿಲ್ಲ. "ಕೆಳಗಿನ ತೂಕಕ್ಕೆ ಇಳಿದುಬಿಡು. ಆಯ್ಕೆ ಕೈಯಲ್ಲಿದ್ದ ಹಾಗೇ" ಎಂದರು ಮೇಷ್ಟ್ರು. ಆಯ್ಕೆಯಾದರೆ ದೊಡ್ಡ ಶಿಬಿರ, ಮುಂದೆ ಕುಸ್ತಿಯೇ ಬದುಕು. ಇಲ್ಲದಿದ್ದರೆ ಅಮ್ಮನ ಪಕ್ಕದಲ್ಲಿ ನಿಂತು ಯಾರ‍್ಯಾರದೋ ಹಾಸಿಗೆ ಬಟ್ಟೆಯ ಕಲೆ ಉಜ್ಜುವುದು. ಪುಟ್ಟಿ ಎರಡು ಸಲ ಯೋಚಿಸದೆ ಹೂಂ ಎಂದಳು.

ಹೊಟ್ಟೆಗೆ ತಣ್ಣೀರು ಬಟ್ಟೆ ಶುರುವಾಯಿತು. ಬೆಳಗ್ಗೆ ಮೊಟ್ಟೆಯ ಬಿಳಿ, ಮಧ್ಯಾಹ್ನ ಬೇಯಿಸಿದ ತರಕಾರಿ, ಸಂಜೆ ಅದೇ ತರಕಾರಿಯ ನೀರು. ಬೆಳಗಿನ ಓಟ, ಎರಡು ಹೊತ್ತಿನ ಕುಸ್ತಿ ಮಾತ್ರ ಹಾಗೇ. ಮೊದಮೊದಲು ತೂಕ ಸರಸರನೆ ಇಳಿಯಿತು. ಮೇಷ್ಟ್ರು ಮೀಸೆಯಡಿಯಲ್ಲೇ ನಕ್ಕರು. ಆಮೇಲೆ ಒಂದು ಕಡೆ ಬಂದು ನಿಂತುಬಿಟ್ಟಿತು. ತುತ್ತನ್ನು ಇನ್ನೂ ಕಡಿಮೆ ಮಾಡಿದರು, ತೂಕ ಕದಲಲಿಲ್ಲ. ಮೇಷ್ಟ್ರು ಯಂತ್ರವನ್ನು ಗೋದಾಮಿಗೆ ಹೊತ್ತುಕೊಂಡು ಹೋಗಿ ಪರೀಕ್ಷಿಸಿ ತಂದರು. ಯಂತ್ರ ಸರಿಯಾಗಿತ್ತು. ಯಂತ್ರ ಸರಿ ಇದ್ದ ಮೇಲೆ ತಪ್ಪು ಹುಡುಗಿಯದೇ ಇರಬೇಕಲ್ಲ?

"ಎಲ್ಲೋ ಸೋರ್ತಿದೆ" ಎಂದರು ಹೆಂಡತಿಗೆ. "ಒಳಗೆ ಏನೋ ಹೋಗ್ತಿದೆ. ಇಲ್ದಿದ್ರೆ ತೂಕ ನಿಲ್ಲೋದು ಅಂದ್ರೇನು?"

ಒಮ್ಮೆ ಹೀಗೆ ಅಂದುಕೊಂಡ ಮೇಲೆ ಕಂಡದ್ದೆಲ್ಲ ಸಾಕ್ಷಿಯಾಯಿತು. ಪುಟ್ಟಿ ಮೊದಲು ಪಂದ್ಯದ ಕೊನೆಯವರೆಗೂ ಹುಲಿಯಾಗಿರುತ್ತಿದ್ದವಳು, ಈಗ ಅರ್ಧಕ್ಕೇ ಸೊರಗುತ್ತಿದ್ದಳು. ಹಿಡಿದ ಕೈ ಜಾರುತ್ತಿತ್ತು. ಹೊಟ್ಟೆ ಭಾರವಾಗಿದೆ, ಅದಕ್ಕೇ ಮೈ ಏಳುತ್ತಿಲ್ಲ ಎಂದರು ಮೇಷ್ಟ್ರು. ಜೋರಾದ ಸುತ್ತು ಮುಗಿದ ಮೇಲೆ ಮಣಿಕಟ್ಟು ಹಿಡಿದು ನೋಡಿದರೆ ನಾಡಿ ಏರಬೇಕಾದಷ್ಟು ಏರಿರುತ್ತಿರಲಿಲ್ಲ. ಅದು ಮೈಗಳ್ಳತನಕ್ಕೆ ಗುರುತು. ಸೆಕೆಯಲ್ಲೂ ಅವಳ ಬೆರಳು ಮಂಜಿನ ಹಾಗಿರುತ್ತಿದ್ದವು, ಸ್ವೆಟರು ಬಿಚ್ಚುತ್ತಿರಲಿಲ್ಲ. ಫ್ರಿಜ್ಜಿನಿಂದ ಏನೋ ತೆಗೆದು ತಿಂದಿದ್ದಾಳೆ, ಸ್ವೆಟರಿನ ಜೇಬಿನಲ್ಲಿ ಏನೋ ಬಚ್ಚಿಟ್ಟಿದ್ದಾಳೆ! ಜೇಬಿಗೆ ಕೈ ಹಾಕಿ ನೋಡಿದರು. ಒಂದು ಕರವಸ್ತ್ರ ಸಿಕ್ಕಿತು. ಅದನ್ನೂ ಮೂಸಿ ನೋಡಿಯೇ ವಾಪಸು ಕೊಟ್ಟರು. ಮಂಡಿಯ ಮೇಲಿನ ತರಚು ಗಾಯವೊಂದು ಮಾಯದೇ ಹಾಗೇ ಕೂತಿದ್ದು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ, ಅದನ್ನು ಅವರು ನೋಡಿಯೂ ನೋಡದ ಹಾಗೆ ಬಿಟ್ಟರು.

ಹೆಂಡತಿ ಸುಮ್ಮನಿರಲಿಲ್ಲ. "ಬಚ್ಚಲಲ್ಲಿ ಕೈ ತುಂಬ ಕೂದ್ಲು ಸಿಗ್ತಿದೆ ರೀ, ಅವಳದ್ದು. ಅಷ್ಟೇ ಅಲ್ಲ, ಹೆಣ್ಮಕ್ಕಳ ತಿಂಗಳ ಲೆಕ್ಕಾನೂ ತಪ್ಪಿದೆ. ನನಗ್ಯಾಕೋ ಸರಿ ಕಾಣ್ತಿಲ್ಲ."

"ಅದನ್ನೆಲ್ಲ ನನ್ನ ಹತ್ರ ಹೇಳ್ಬೇಡ" ಎಂದು ಮೇಷ್ಟ್ರು ಕಿವಿ ಕೆಂಪು ಮಾಡಿಕೊಂಡು ಎದ್ದು ಹೋದರು. ಊರಿನವರ ಬಾಯೊಳಗೆಲ್ಲ ಮೂಗು ತೂರಿಸುವ ಮನುಷ್ಯನಿಗೆ ಮನೆಯ ಮಾತು ಕೇಳಲು ನಾಚಿಕೆ.

ಒಂದು ಬೆಳಗ್ಗೆ ಹಾ ಪರೀಕ್ಷೆಯಲ್ಲಿ ಪುಟ್ಟಿಯ ಮುಂದೆ ಬಾಗಿದ ಮೇಷ್ಟ್ರು ಅಲ್ಲೇ ನಿಂತರು. ಇನ್ನೊಮ್ಮೆ ಹಾ ಅನ್ನಿಸಿದರು. ಅನುಮಾನವೇ ಇಲ್ಲ. ಹಣ್ಣು. ಅದೂ ಚೆನ್ನಾಗಿ ಮಾಗಿ, ಬುಟ್ಟಿಯ ತಳದಲ್ಲಿ ಒಂದೆರಡು ದಿನ ಹೆಚ್ಚಿಗೆ ಕೂತು ಕಳಿತ ಹಣ್ಣು.

"ಯಾವ ಹಣ್ಣು?"

"ಯಾವ್ದು ಮಾವ?"

"ನನ್ನ ಕೇಳ್ತೀಯಾ? ತಿಂದೋಳು ನೀನು."

"ನಾನು ಹಣ್ಣು ತಿಂದಿಲ್ಲ ಮಾವ. ತಿಂದು ತಿಂಗಳೇ ಆಯ್ತು."

ಸಾಲಿನಲ್ಲಿದ್ದ ಬೇರೆ ಶಿಷ್ಯರು ನೆಲ ನೋಡುತ್ತ ನಿಂತರು. ಪುಟ್ಟಿಯ ಕಣ್ಣು ತುಂಬಿತು. ಆದರೆ ಮೇಷ್ಟ್ರು ಕಣ್ಣು ನೋಡುವವರಲ್ಲವಲ್ಲ! ಅವತ್ತಿನ ತರಕಾರಿಯನ್ನು ಅರ್ಧಕ್ಕಿಳಿಸಿದರು. ಮರುದಿನ ವಾಸನೆ ಇನ್ನೂ ಹೆಚ್ಚಾಗಿತ್ತು. ಇಷ್ಟು ಹೇಳಿದ ಮೇಲೂ ತಿನ್ನುವ ಧೈರ್ಯವೇ ಎಂದು ಅವರ ಮೈ ಉರಿದುಹೋಯಿತು.

ಕುಸ್ತಿ ಹಾಲ್‌ನ ಮೆಟ್ಟಿಲ ಬುಡದಲ್ಲೇ ಒಬ್ಬ ಮುದುಕನ ಹಣ್ಣಿನ ಗಾಡಿ ನಿಲ್ಲುತ್ತಿತ್ತು. ಪುಟ್ಟಿ ದಾಟುವಾಗಲೆಲ್ಲ ಆತ "ಏನಮ್ಮಾ" ಎಂದು ನಗುತ್ತಿದ್ದ. ಈ ನಗುವಿನಲ್ಲೇ ಗುಟ್ಟಿದೆ ಎಂದುಕೊಂಡ ಮೇಷ್ಟ್ರು ಗೋದಾಮಿಗೆ ರಜೆ ಹಾಕಿ ಟೈರುಗಳ ರಾಶಿಯ ಹಿಂದೆ ನಿಂತು ಕಾದರು. ಅಂಗಡಿಯವನು ಬಂದು, "ಯಾವ ಗಾಡಿಗೆ ಮೇಷ್ಟ್ರೇ, ಟೈರು?" ಎಂದು ಕೇಳಿದ. ಅವನನ್ನು ಕೈಸನ್ನೆ ಮಾಡಿ ಅಟ್ಟಿದರು. ಪುಟ್ಟಿ ಮೆಟ್ಟಿಲಿಳಿದು ಬಂದಳು. ಗಾಡಿಯ ಮುಂದೆ ನಿಂತಳು. ಒಂದು ಸೇಬನ್ನು ಎತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಸುಮಾರು ಹೊತ್ತು ಮೂಸಿದಳು. ಆಮೇಲೆ ಇದ್ದ ಜಾಗದಲ್ಲೇ ಇಟ್ಟು ಹೊರಟುಹೋದಳು.

ನೀವಾಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದಿರಿ. ಮೇಷ್ಟ್ರು, "ನಾನಿರೋದು ಗೊತ್ತಾಗಿದೆ, ಅದಕ್ಕೇ ವಾಪಸ್ ಇಟ್ಲು" ಎಂದುಕೊಂಡರು. ಸೀದಾ ಮುದುಕನ ಮೇಲೆ ಹರಿಹಾಯ್ದರು. "ಎಷ್ಟು ದಿನದಿಂದ ನಡೀತಿದೆ ಇದು? ನನ್ನ ಹುಡುಗಿಗೆ ಹಣ್ಣು ಕೊಟ್ಟು ಅವಳ ಬಾಳು ಹಾಳು ಮಾಡೋಕೆ ನಿಂಗೆ ಯಾರು ಹೇಳಿದ್ರು?"

ಮುದುಕ ಹಣ್ಣು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ. "ಮೇಷ್ಟ್ರೇ, ನಾನು ಕೊಡ್ತೀನಿ ಅಂದೆ, ನಿಜ. ಸುಮ್ನೆ ತಗೊಳಮ್ಮ ಅಂದೆ. ಅವಳು ಮುಟ್ಟಲಿಲ್ಲ. ಮೂಸ್ತಾಳೆ, ಹೋಗ್ತಾಳೆ. ನನ್ನ ಹಣ್ಣು ತಿಂದೋರ ಮುಖ ಆ ಥರ ಇರಲ್ಲ ಬಿಡಿ."

"ನೀನೂ ಅವಳ ಕಡೆಯೇ" ಎಂದು ಮೇಷ್ಟ್ರು ಮುಖ ತಿರುಗಿಸಿದರು.

ಆ ಸಂಜೆ ಪುಟ್ಟಿಯನ್ನು ಎದುರಿಗೆ ಕೂರಿಸಿಕೊಂಡು ಕಡ್ಡಿ ಮುರಿದ ಹಾಗೆ ಹೇಳಿದರು: "ಇವತ್ತಿಂದ ನೀನು ತಿನ್ನೋದನ್ನೇ ನಾನೂ ತಿಂತೀನಿ. ನೀನಿರೋ ಕಡೆ ನಾನಿರ್ತೀನಿ. ನನ್ನ ಕಣ್ಣು ತಪ್ಪಿಸಿ ಒಂದು ಕಾಳು ಒಳಗೆ ಹೋಗಬಾರ್ದು. ಇಷ್ಟಾದ ಮೇಲೂ ಆ ವಾಸನೆ ಬಂತೋ, ನಿಮ್ಮಮ್ಮನ್ನ ಕರೆಸ್ತೀನಿ. ಆಯ್ಕೆನೂ ಇಲ್ಲ, ಕುಸ್ತಿನೂ ಇಲ್ಲ. ಮ್ಯಾಟ್ ಮರ್ತುಬಿಡು."

"ಬರ್ದೇ ಇದ್ರೆ ನಂಬ್ತೀರಾ ಮಾವ?" ಎಂದಳು ಪುಟ್ಟಿ.

"ಬರ್ದೇ ಇರ್ಲಿ, ಆಗ ನೋಡೋಣ."

ಮೇಷ್ಟ್ರು ಆಡಿದ ಮಾತಿಗೆ ತಪ್ಪುವವರಲ್ಲ. ವಾರ ಪೂರ್ತಿ ಅವಳ ತಟ್ಟೆಯ ಪಕ್ಕದಲ್ಲೇ ತಮ್ಮ ತಟ್ಟೆ ಇಟ್ಟು ಅಷ್ಟೇ ಮೊಟ್ಟೆಯ ಬಿಳಿ, ಅಷ್ಟೇ ತರಕಾರಿ ತಿಂದರು. ಅವಳ ಕೋಣೆಯ ಬಾಗಿಲಿಗೆ ಅಡ್ಡ ಚಾಪೆ ಹಾಕಿ ಮಲಗಿದರು. ಅಡುಗೆಮನೆಯ ಬೀರುವಿಗೆ ಬೀಗ ಬಿತ್ತು. ಹೆಂಡತಿ ಬೇಕರಿಯಿಂದ ಬಂದ ಕೂಡಲೇ ಬಾಗಿಲಲ್ಲೇ ಬ್ಯಾಗು ತೆರೆದು ತೋರಿಸಬೇಕಾಯಿತು. "ನಾನು ಕಳ್ಳಿ, ಅವಳು ಕಳ್ಳಿ, ಆ ಮುದುಕ ಕಳ್ಳ. ಊರಿಗೆಲ್ಲ ಒಬ್ರೇ ಸಾಚಾ" ಎಂದು ಆಕೆ ಬ್ಯಾಗು ಕುಕ್ಕಿ ಒಳಗೆ ಹೋದಳು. ಮೇಷ್ಟ್ರಿಗೆ ಎರಡನೇ ದಿನ ತಲೆ ಸಿಡಿಯಿತು, ಆಮೇಲೆ ಮೆಟ್ಟಿಲು ಹತ್ತುವಾಗ ತೊಡೆ ನಡುಗಿತು, ಗೋದಾಮಿನಲ್ಲಿ ಸುಮ್ಮನೆ ಯಾರ ಮೇಲೋ ರೇಗಿದರು. ವಯಸ್ಸಾಯಿತು ಎಂದುಕೊಂಡರು. ತಾವು ಬರೀ ನಡೆದಾಡಿಕೊಂಡು ಇಷ್ಟು ಸುಸ್ತಾದರೆ, ಓಡಿ, ಎತ್ತಿ, ಬಿದ್ದು, ಏಳುತ್ತಿರುವ ಹುಡುಗಿಗೆ ಹೇಗಿರಬೇಕು ಎಂಬ ಪ್ರಶ್ನೆ ಬಾಗಿಲವರೆಗೂ ಬಂತು. ಒಳಗೆ ಬಿಟ್ಟುಕೊಳ್ಳಲಿಲ್ಲ.

ವಾರದ ಕೊನೆಯ ಬೆಳಗ್ಗೆ ಪುಟ್ಟಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದರು.

"ಹಾ ಅನ್ನು."

ಅವಳು ಹಾ ಅಂದಳು. ಒಣಗಿದ ತುಟಿ ಒಂದು ಕಡೆ ಬಿರಿದು ರಕ್ತ ಜಿನುಗಿತು. ವಾಸನೆ ಇತ್ತು. ಮೊದಲಿಗಿಂತ ಒಂದು ಕೈ ಹೆಚ್ಚೇ ಇತ್ತು.

ಮೇಷ್ಟ್ರು ಸಿಟ್ಟಾಗಲಿಲ್ಲ. ಹಿಂದೆ ಗೆಳೆಯ ಕೈ ಹಿಡಿದು ಆಣೆ ಮಾಡಿದ್ದು ನೆನಪಾಯಿತು. "ನಿಮ್ಮಮ್ಮಂಗೆ ಫೋನ್ ಮಾಡ್ತೀನಿ. ಬಟ್ಟೆ ಕಟ್ಕೋ" ಎಂದರು. ಪುಟ್ಟಿ ಗೋಡೆ ಹಿಡಿದುಕೊಂಡು ಕೋಣೆಗೆ ಹೋದಳು.

ಅಡುಗೆಮನೆಯಲ್ಲಿ ಹೆಂಡತಿ ಬೇಕರಿಗೆ ಹೊರಡುವ ಅವಸರದಲ್ಲಿದ್ದಳು. ಮೇಷ್ಟ್ರು ಆಕೆಯ ಮುಖಕ್ಕೆ ಮುಖ ಕೊಟ್ಟು, "ನೋಡಿದ್ಯಾ? ಇಷ್ಟು ಕಾವಲು ಕಾದ್ರೂ ತಿಂದಿದಾಳೆ. ಬಾಯಿ ತೆಗೆದ್ರೆ ಸಾಕು, ಹಣ್ಣಿನಂಗಡಿ!" ಎಂದರು.

ಆಕೆ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಮೂಗಿಗೆ ಹಿಡಿದಳು.

"ಅವಳ ಕಥೆ ಆಮೇಲಿರ್ಲಿ. ನೀವೆಲ್ಲಿ ತಿಂದ್ರಿ ಹಣ್ಣು?"

"ನಾನಾ?"

"ಬಾಯಿ ಗಮ್ ಅಂತಿದೆ. ಕಳಿತ ಹಣ್ಣು, ಮೂರು ಮಾರು ದೂರಕ್ಕೆ ಹೊಡೀತಿದೆ."

"ಏನು ಮಾತಾಡ್ತಿದೀಯ? ನಾನು ಅವಳು ತಿಂದಿದ್ದೇ ತಿಂದಿರೋದು. ನಿನ್ನ ಮುಂದೇ ತಾನೆ?"

"ಸಿಕ್ಕಿಬಿದ್ದೋರೆಲ್ಲ ಹೀಗೇ ಹೇಳೋದು" ಎಂದಳು ಹೆಂಡತಿ. ಇಷ್ಟು ವರ್ಷ ಗಡಿಯಾರ, ಚಪ್ಪಲಿ ನೋಡಿಸಿಕೊಂಡವಳು. ಸಿಕ್ಕ ಅವಕಾಶ ಬಿಡುತ್ತಾಳೆಯೇ? "ಬಾಯಿ ಸುಳ್ಳು ಹೇಳುತ್ತೆ ರೀ. ಉಸಿರು ಹೇಳಲ್ಲ ಅಲ್ವಾ?"

ಮೇಷ್ಟ್ರು ಅಂಗೈಯನ್ನು ಬಟ್ಟಲು ಮಾಡಿ ಬಾಯಿಗೆ ಹಿಡಿದು ಹಾ ಅಂದು ಮೂಸಿದರು. ಇನ್ನೊಮ್ಮೆ ಮೂಸಿದರು. ಏನೂ ಗೊತ್ತಾಗಲಿಲ್ಲ. ಊರಿನವರ ಬಾಯಿಗಳನ್ನೆಲ್ಲ ಜಾಲಾಡಿದ ಮೂಗಿಗೆ ತನ್ನ ಕೆಳಗೇ ಇರುವ ಬಾಯಿ ಸಿಗಲಿಲ್ಲ. ಹೆಂಡತಿ ಹುಡುಗಿಯ ಕಡೆ ಸೇರಿಕೊಂಡು ನಾಟಕ ಆಡುತ್ತಿದ್ದಾಳೆ, ಇದನ್ನು ಬಿಡಬಾರದು, ನಡುವೆ ಒಬ್ಬರು ಮೂರನೆಯವರು ಬೇಕು ಎಂದು ಅಂಗಿ ಸಿಕ್ಕಿಸಿಕೊಂಡು ಬೀದಿ ಕೊನೆಯ ಡಾಕ್ಟರಮ್ಮನ ಹತ್ತಿರ ಹೊರಟರು. ಮನುಷ್ಯನನ್ನು ಅನುಮಾನವೇ ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗಿದ್ದು ಇದೊಂದೇ ಸಲವಿರಬೇಕು.

"ಏನು ತೊಂದ್ರೆ?" ಎಂದರು ಡಾಕ್ಟರಮ್ಮ.

"ತೊಂದ್ರೆ ಏನಿಲ್ಲ. ನನ್ನ ಬಾಯಲ್ಲಿ ಹಣ್ಣಿನ ವಾಸನೆ ಬರ್ತಿದ್ಯಾ ಇಲ್ವಾ, ಅಷ್ಟು ಹೇಳಿ ಸಾಕು."

ಡಾಕ್ಟರಮ್ಮ ಮುಖ ಒಂಚೂರು ಮುಂದೆ ತಂದು, "ಬರ್ತಿದೆ" ಎಂದರು. "ಸಕ್ಕರೆ ಕಾಯಿಲೆ ಇದ್ಯಾ?" ಬೆರಳು ಚುಚ್ಚಿ ನೋಡಿದರು, ಸಕ್ಕರೆ ಹೆಚ್ಚಿರಲಿಲ್ಲ. "ಹಾಗಾದ್ರೆ ಊಟ ಬಿಟ್ಟಿದೀರಾ?"

ಮೇಷ್ಟ್ರು ತಾವು ತಿನ್ನುತ್ತಿದ್ದುದನ್ನು ಹೇಳಿದರು.

"ಅದೇ ಮತ್ತೆ. ಹೊಟ್ಟೆಗೆ ಸಾಕಷ್ಟು ಹಾಕ್ದೇ ಇದ್ರೆ ಮೈ ಏನು ಮಾಡುತ್ತೆ? ತನ್ನ ಕೊಬ್ಬನ್ನೇ ಉರಿಸ್ಕೊಳ್ಳುತ್ತೆ. ಹಾಗೆ ಉರಿದಿದ್ದು ಉಸಿರಲ್ಲಿ ಹೊರಗೆ ಬರುತ್ತೆ, ಹಣ್ಣಿನ ಥರ ವಾಸನೆ. ತಿಂದಿದ್ದಕ್ಕಲ್ಲ, ತಿನ್ನದೇ ಇರೋದಕ್ಕೆ ಬರೋ ವಾಸನೆ ಅದು."

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. "ಮತ್ತೆ ತೂಕ ಯಾಕೆ ಇಳಿಯಲ್ಲ? ತಿನ್ನದೇ ಇದ್ರೆ ಇಳೀಬೇಕಲ್ಲ?" ಎಂದರು.

"ನಿಮ್ಮದಾ?"

"ನಂದಲ್ಲ. ಅವಳು ಕುಸ್ತಿ ಆಡೋಳು. ಎರಡು ಹೊತ್ತು ಅಭ್ಯಾಸ. ಇದನ್ನೇ ಎಷ್ಟೋ ವಾರದಿಂದ ತಿಂತಿದಾಳೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೈಕಾಲು ತಣ್ಣಗಿರುತ್ತಾ? ಬೇಗ ಸುಸ್ತಾಗ್ತಾಳಾ? ಗಾಯ ಬೇಗ ಮಾಯಲ್ವಾ? ತಿಂಗಳ ಮುಟ್ಟು ನಿಂತಿದ್ಯಾ?" ಪ್ರತಿ ಪ್ರಶ್ನೆಗೂ ಮೇಷ್ಟ್ರು ತಲೆ ಆಡಿಸುತ್ತ ಹೋದರು. ಒಂದೊಂದನ್ನೂ ಅವರು ಕಣ್ಣಾರೆ ಕಂಡಿದ್ದರು, ಒಂದೊಂದನ್ನೂ ಕಳ್ಳತನದ ಕಡೆಗೇ ಬರೆದುಕೊಂಡಿದ್ದರು. "ಬರೋದು ಕಡಿಮೆ ಆದಾಗ ಮೈ ಖರ್ಚು ಕಡಿಮೆ ಮಾಡ್ಕೊಳ್ಳುತ್ತೆ. ಎದೆ ಬಡಿತ, ಬಿಸಿ, ಬಲ, ಎಲ್ಲಾನೂ ಹಿಡಿದಿಡುತ್ತೆ. ನೀರೂ ಕೆಲವು ಸಲ ಹಿಡಿದಿಟ್ಕೊಳ್ಳುತ್ತೆ. ತೂಕ ನಿಂತಿದ್ದು ಅದಕ್ಕೇ. ಹೀಗೇ ಆಡಿಸಿದ್ರೆ ಮೂಳೆಗೂ ಏಟು, ಹೃದಯಕ್ಕೂ ಏಟು. ಮೊದ್ಲು ಅವಳಿಗೆ ಊಟ ಹಾಕಿ. ನಾಳೆ ಬೆಳಗ್ಗೆ ಇಲ್ಲಿಗೆ ಕರ್ಕೊಂಡು ಬನ್ನಿ."

ಹೊರಗೆ ಬಂದ ಮೇಷ್ಟ್ರಿಗೆ ಬೀದಿ ಬೇರೆ ಯಾರದೋ ಬೀದಿಯ ಹಾಗೆ ಕಂಡಿತು. ಸೋರುತ್ತಿದ್ದದ್ದು ನಿಜ. ಆದರೆ ಗಾಡಿಯ ಹಣ್ಣು ಸೋರಿರಲಿಲ್ಲ, ಬೇಕರಿಯ ಬ್ರೆಡ್ಡು ಸೋರಿರಲಿಲ್ಲ. ಹುಡುಗಿಯೇ ಸೋರಿಹೋಗುತ್ತಿದ್ದಳು, ಅವರ ಮೂಗಿನ ಕೆಳಗೇ, ದಿನಾ ಬೆಳಗ್ಗೆ ಬಾಯಿ ತೆರೆದು ತೋರಿಸುತ್ತ. ಉಸಿರು ಸುಳ್ಳು ಹೇಳಿರಲಿಲ್ಲ. ನಾನು ಹಸಿದಿದ್ದೇನೆ ಎಂದು ಅದು ಬೊಬ್ಬೆ ಹೊಡೆದಿತ್ತು. ಸೇಬನ್ನು ಮೂಸಿ ಕಣ್ಣು ಮುಚ್ಚಿಕೊಂಡ ಪುಟ್ಟಿಯ ಮುಖ ನೆನಪಾಗಿ ಅವರು ದಾಪುಗಾಲು ಹಾಕಿದರು.

ಹಣ್ಣಿನ ಗಾಡಿಯ ಮುಂದೆ ನಿಂತರು. ಮುದುಕ ಈ ಸಲ ಏನು ಕಾದಿದೆಯೋ ಎಂದು ಗಾಡಿಯ ಆ ಬದಿಗೆ ಸರಿದುಕೊಂಡ.

"ಒಂದು ಸೇಬು ಕೊಡಿ" ಎಂದರು ಮೇಷ್ಟ್ರು. ಮುಂಚೆ ಏಕವಚನದಲ್ಲಿ ಗದರಿದವರು ಬಹುವಚನಕ್ಕೆ ಬಂದಿದ್ದನ್ನು ಮುದುಕ ಗಮನಿಸಿದ. ಇದ್ದುದರಲ್ಲೇ ಒಳ್ಳೆಯದನ್ನು ಆರಿಸಿ ಒರೆಸಿ ಕೊಟ್ಟ.

ಮನೆಯಲ್ಲಿ ಪುಟ್ಟಿ ಕಟ್ಟಿದ ಚೀಲದ ಪಕ್ಕ, ಸ್ವೆಟರು ಹಾಕಿಕೊಂಡು, ಗೋಡೆಗೆ ಒರಗಿ ಕೂತಿದ್ದಳು. ಹೆಂಡತಿ ಕೆಲಸಕ್ಕೆ ಹೋಗದೆ ಅವಳ ಪಕ್ಕದಲ್ಲೇ ಇದ್ದಳು. ಮೇಷ್ಟ್ರು ಸೇಬನ್ನು ಚಾಚಿದರು.

"ತಗೋ. ತಿನ್ನು."

ಪುಟ್ಟಿ ಸೇಬನ್ನು ನೋಡಿದಳು, ಮಾವನನ್ನು ನೋಡಿದಳು. ಕೈ ಮುಂದೆ ಮಾಡಲಿಲ್ಲ.

"ಇದೂ ಪರೀಕ್ಷೆನಾ ಮಾವ?"

ತಮ್ಮ ಅನುಮಾನ ಇಷ್ಟು ಚೆನ್ನಾಗಿ ಬೇರೆಯವರ ಕಣ್ಣಿನಲ್ಲಿ ಕೂತಿದ್ದನ್ನು ಮೇಷ್ಟ್ರು ಎಂದೂ ನೋಡಿರಲಿಲ್ಲ. ಮಂಡಿಯೂರಿ ಅವಳ ಎದುರು ನೆಲದ ಮೇಲೆ ಕೂತರು. ಡಾಕ್ಟರಮ್ಮ ಹೇಳಿದ್ದನ್ನು ಹಿಂದುಮುಂದಾಗಿ ಹೇಳಿದರು. ಕೊನೆಗೆ, "ನನ್ನ ಬಾಯಲ್ಲೂ ಅದೇ ವಾಸನೆ ಬರ್ತಿದೆಯಂತೆ ಪುಟ್ಟಿ" ಎಂದರು.

ಪುಟ್ಟಿ ಮುಂದಕ್ಕೆ ಬಾಗಿ, "ಹಾ ಅನ್ನಿ" ಎಂದಳು.

ಮೇಷ್ಟ್ರು ಬಾಯಿ ತೆರೆದು ಹಾ ಅಂದರು. ಶಿಷ್ಯರ ಸಾಲಿನಲ್ಲಿ ನಿಂತವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಅವರಿಗೆ ಅವತ್ತು ಗೊತ್ತಾಯಿತು.

"ಹಣ್ಣು ತಿಂದಿದೀರಾ ಮಾವ?"

"ಇಲ್ಲಮ್ಮ. ತಿಂದಿಲ್ಲ."

"ಸರಿ. ನಂಬ್ತೀನಿ" ಎಂದಳು ಪುಟ್ಟಿ.

ಅಷ್ಟೇ. ಸಾಕ್ಷಿ ಕೇಳಲಿಲ್ಲ, ಇನ್ನೊಮ್ಮೆ ಹಾ ಅನ್ನಿಸಲಿಲ್ಲ. ಇಷ್ಟು ವಾರ ಅವಳು ಬೇಡಿದ್ದು ಇದೊಂದನ್ನೇ. ಅದನ್ನು ಅವಳು ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟಳು. ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತರು. ಹೆಂಡತಿ ಅವರ ಕೈಯಿಂದ ಸೇಬು ಬಿಡಿಸಿಕೊಂಡು, ಹೆಚ್ಚಿ ತಂದು, ತಟ್ಟೆಯನ್ನು ಇಬ್ಬರ ನಡುವೆ ಇಟ್ಟಳು. ಪುಟ್ಟಿ ಒಂದೊಂದೇ ಹೋಳನ್ನು ನಿಧಾನವಾಗಿ, ಅಭ್ಯಾಸ ತಪ್ಪಿದವಳ ಹಾಗೆ ಅಗಿದಳು.

ಹೆಂಡತಿ ಬೆಳಗ್ಗೆಯೇ ಫೋನ್ ಮಾಡಿದ್ದಳು, ಮಧ್ಯಾಹ್ನ ಅಕ್ಕ ಬಂದಳು. ಮಗಳ ಕೆನ್ನೆ ಮುಟ್ಟಿ ನೋಡಿದಳು. "ತಪ್ಪು ನಂದು ಅಕ್ಕ. ಅವಳು ಏನೂ ಮಾಡಿಲ್ಲ. ಇಲ್ಲೇ ಇರ್ಲಿ, ನಾನು ನೋಡ್ಕೋತೀನಿ" ಎಂದರು ಮೇಷ್ಟ್ರು. "ನೀನು ನೋಡಿದ್ದು ಸಾಕು" ಎಂದು ಅಕ್ಕ ಚೀಲ ಎತ್ತಿಕೊಂಡಳು. ತನ್ನ ಲಾಂಡ್ರಿಯ ಆಸ್ಪತ್ರೆಯಲ್ಲೇ ತೋರಿಸುತ್ತೇನೆ, ಕಣ್ಣೆದುರು ಉಣ್ಣಿಸುತ್ತೇನೆ ಎಂದಳು. ಆ ವರ್ಷದ ಆಯ್ಕೆಯ ಮಾತನ್ನು ಯಾರೂ ಎತ್ತಲಿಲ್ಲ.

ಬಾಗಿಲ ಹತ್ತಿರ ಮೇಷ್ಟ್ರು ಹೇಳಿದರು: "ಮೈ ಸರಿಯಾದ ಮೇಲೆ ನಿನ್ನ ತೂಕದಲ್ಲೇ ಆಡು. ಆ ಹುಡುಗಿ ಬಲವಾಗಿದ್ರೆ ಇರ್ಲಿ. ನಿನ್ನನ್ನ ಇನ್ಯಾವತ್ತೂ ಹಾ ಅನ್ನು ಅನ್ನಲ್ಲ."

ಪುಟ್ಟಿ ಮೆಟ್ಟಿಲಿಳಿದು ಒಮ್ಮೆ ತಿರುಗಿ, "ಬರ್ತೀನಿ ಮಾವ" ಎಂದಳು.

ಬರ್ತೀನಿ! ನಮ್ಮಲ್ಲಿ ಹೋಗುವವರೆಲ್ಲ ಅನ್ನುವುದು ಅದನ್ನೇ. ಮತ್ತೆ ಬರುವವರೂ ಬರ್ತೀನಿ ಅನ್ನುತ್ತಾರೆ, ಎಂದೆಂದಿಗೂ ಬಾರದವರೂ ಬರ್ತೀನಿ ಅನ್ನುತ್ತಾರೆ. ಬೇರೆ ದಿನವಾಗಿದ್ದರೆ ಮೇಷ್ಟ್ರು ಆ ಮಾತನ್ನು ಹಿಡಿದು, ಹಿಂಜಿ, ಅದರ ಹಿಂದೇನಿದೆ ಎಂದು ಮೂಸದೆ ಬಿಡುತ್ತಿರಲಿಲ್ಲ.

"ಬರ್ತಾಳೆ ಅಂತೀರಾ?" ಎಂದಳು ಹೆಂಡತಿ, ತಾಯಿ ಮಗಳು ತಿರುವಿನಲ್ಲಿ ಮರೆಯಾದ ಮೇಲೆ.

"ಬರ್ತೀನಿ ಅಂದ್ಲಲ್ಲ" ಎಂದರು ಮೇಷ್ಟ್ರು. ಒಳಗೆ ಹೋಗಿ ಅಡುಗೆಮನೆಯ ಬೀರುವಿನ ಬೀಗ ತೆಗೆದರು. ಸಂಜೆ ಕುಸ್ತಿ ಹಾಲ್‌ಗೆ ಹೋದಾಗ ಶಿಷ್ಯರು ಎಂದಿನಂತೆ ಸಾಲಾಗಿ ಬಾಯಿ ತೆರೆದು ನಿಂತಿದ್ದರು. "ಬಾಯಿ ಮುಚ್ಚಿ. ಯಾರ‍್ಯಾರು ಹೊಟ್ಟೆ ತುಂಬ ಉಂಡಿಲ್ಲ, ಹೇಳಿ" ಎಂದರು ಅವರು. ಗೋಡೆಯ ಹಲಗೆಯ ಮೇಲೆ ಪುಟ್ಟಿ ಬಿಟ್ಟುಹೋಗಿದ್ದ ಕುಸ್ತಿಯ ಬೂಟುಗಳನ್ನು ಯಾರೋ ಕೆಳಗಿಳಿಸಿದ್ದರು. ಮೇಷ್ಟ್ರು ಅವನ್ನು ಎತ್ತಿ ಮತ್ತೆ ಅದೇ ಜಾಗದಲ್ಲಿಟ್ಟರು.